ಮುಚ್ಚಿದ ಹೆಸರು, ಅಳಿಸಿದ ಹೆಸರು: ಖಾಸಗಿ ಪತ್ರಗಳ ಸಂಪಾದನೆಯಲ್ಲಿ ಒಂದು ತೊಡಕು

ಗ್ರಂಥಸಂಪಾದನೆಯನ್ನು ಕುರಿತು ಕನ್ನಡದಲ್ಲಿ ನಡೆದಿರುವ ಚರ್ಚೆ ಬಹುಮಟ್ಟಿಗೆ ಪಾಠಾಂತರ, ಪ್ರಕ್ಷೇಪ, ಲಿಪಿಕಾರರ ಸ್ಖಾಲಿತ್ಯಗಳ ಸುತ್ತಲೇ ತಿರುಗಿದೆ. ಕಾವ್ಯವನ್ನು ಸಂಪಾದಿಸುವವನಿಗೆ ಅಷ್ಟು ಸಾಕು. ಹಳೆಯ ಖಾಸಗಿ ಪತ್ರಗಳನ್ನೂ ದಾಖಲೆಗಳನ್ನೂ ಮುದ್ರಣಕ್ಕೆ ಸಿದ್ಧಗೊಳಿಸುವವನ ಮುಂದೆ ಮಾತ್ರ ಇನ್ನೊಂದು ಪ್ರಶ್ನೆ ಏಳುತ್ತದೆ. ಅವುಗಳಲ್ಲಿ ಬರುವ ಸಾಮಾನ್ಯ ಗೃಹಸ್ಥರ, ಹೆಂಗಸರ, ಆಳುಕಾಳುಗಳ ಹೆಸರುಗಳನ್ನು ಇದ್ದಂತೆಯೇ ಅಚ್ಚು ಹಾಕಿಸಬೇಕೆ, ಮರೆಮಾಚಬೇಕೆ? ಮರೆಮಾಚುವುದಾದರೆ ಹೇಗೆ? ರೂಢಿಯಲ್ಲಿರುವ ಉತ್ತರ ಎಲ್ಲರೂ ಬಲ್ಲದ್ದೇ: ಹೆಸರಿನ ಮೊದಲಕ್ಷರವನ್ನು ಉಳಿಸಿ ಮುಂದೆ ಮೂರು ಚುಕ್ಕೆ ಇಡುವುದು. ಈ ಪದ್ಧತಿ ಕಾಪಾಡಬೇಕಾದವರನ್ನು ಕಾಪಾಡುವುದಿಲ್ಲ, ಉಳಿಯಬೇಕಾದವರನ್ನು ಇಲ್ಲವಾಗಿಸುತ್ತದೆ ಎಂಬುದು ನಮ್ಮ ಈಗಿನ ಅಭಿಪ್ರಾಯ. ಈಗಿನ ಎಂದೆವು, ಕೆಲಕಾಲದ ಹಿಂದೆ ನಾವೂ ಅದನ್ನೇ ಅನುಸರಿಸಿದ್ದೆವು.

ನಾಸಿಕದ ತೀರ್ಥೋಪಾಧ್ಯಾಯರೊಬ್ಬರ ಮನೆಯ ವಹಿಗಳ ನಡುವೆ ನಮಗೆ ಮೂರು ಕನ್ನಡ ಪತ್ರಗಳು ಸಿಕ್ಕಿದ್ದವು. ಬರೆದವರು ಇಂದಿನ ಕರ್ನಾಟಕದ ಉತ್ತರ ಜಿಲ್ಲೆಯೊಂದರ ಗೃಹಸ್ಥರು. ಊರನ್ನೂ ವರ್ಷವನ್ನೂ ಈ ಸಲ ಬಿಟ್ಟಿದ್ದೇವೆ. ಮೊದಲನೆಯ ಪತ್ರದಲ್ಲಿ ಮಗಳು ಅಳಿಯಂದಿರೊಂದಿಗೆ ಗೋದಾವರಿ ಸ್ನಾನಕ್ಕೆ ಬರುತ್ತಿರುವ ಸುದ್ದಿ. ಎರಡನೆಯದರಲ್ಲಿ ತೀರಿಕೊಂಡ ಅಳಿಯನ ಕರ್ಮಾಂತರಗಳ ವಿಚಾರ. ಮೂರನೆಯದು ನಾಲ್ಕೇ ಸಾಲು: ಮಗಳು ಮರುಮದುವೆಯಾಗಿದ್ದಾಳೆ, ವಹಿಯಲ್ಲಿ ಅವಳ ಹೆಸರಿನ ಮೇಲೆ ಗೆರೆ ಎಳೆಯಬೇಕು, ಮುಂದೆ ನಮ್ಮ ಕಡೆಯವರು ಬಂದರೆ ಅದನ್ನು ಓದಿ ಹೇಳಬಾರದು. ಪತ್ರದ ಬೆನ್ನಿಗೆ ಮೋಡಿ ಲಿಪಿಯಲ್ಲಿ ಉಪಾಧ್ಯಾಯರ ಚಿಕ್ಕದೊಂದು ಷರಾ ಇದೆ. ಪತ್ರ ತಲುಪಿದ ತಿಥಿಯಷ್ಟೇ. ವಹಿಯ ಪುಟವನ್ನು ತೆರೆಸಿ ನೋಡಿದೆವು. ಹೆಸರಿನ ಮೇಲೆ ಗೆರೆ ಇರಲಿಲ್ಲ. ಉಪಾಧ್ಯಾಯರು ಪತ್ರವನ್ನು ಮಡಿಚಿ ಅದೇ ಪುಟದೊಳಗೆ ಇಟ್ಟಿದ್ದರು.

ಈ ಪತ್ರಗಳನ್ನು ನಾವು ಮಗಳ ಹೆಸರನ್ನು ಒಂದಕ್ಷರ, ಮೂರು ಚುಕ್ಕೆಗಳಿಗೆ ಇಳಿಸಿ ಪ್ರಕಟಿಸಿದೆವು. ಊರಿನ ಹೆಸರಿಗೂ ಅದೇ ಗತಿ. ಭಾಷಿಕವಾಗಿ ಮುಖ್ಯವೆಂದು ಬಂಧುವಾಚಕಗಳನ್ನೂ ಒಕ್ಕಣೆಯನ್ನೂ ಹಾಗೆಯೇ ಉಳಿಸಿಕೊಂಡೆವು. ಒಂದು ವರ್ಷ ತುಂಬುವುದರೊಳಗೆ ಆ ಮನೆತನದ ಇಬ್ಬರು ನಮಗೆ ಬರೆದರು. ಹಿರಿಯ ಶಾಖೆಯವರೊಬ್ಬರ ಮಾತಿನಲ್ಲಿ ನೋವಿತ್ತು: ಮನೆಯ ಮಾತನ್ನು ಬೀದಿಗೆ ತಂದಿರಿ ಎಂದರು. ಇನ್ನೊಬ್ಬರು ಆ ಮಹಿಳೆಯ ಎರಡನೆಯ ಮದುವೆಯ ಸಂತತಿ, ಮೊಮ್ಮಗ. ಅವರ ಆಕ್ಷೇಪ ಬೇರೆ. ಮುತ್ತಜ್ಜನ ಹೆಸರಿನ ಹಿಂದಿನ ರಾಜಮಾನ್ಯ ರಾಜಶ್ರೀಯನ್ನೂ ಬಿಡದೆ ಅಚ್ಚು ಹಾಕಿಸಿದ ನೀವು ನಮ್ಮಜ್ಜಿಯನ್ನು ಮೂರು ಚುಕ್ಕೆ ಮಾಡಿದಿರಿ. ಆತ ಬೇಡಿದ ಗೆರೆಯನ್ನು ಉಪಾಧ್ಯಾಯರು ಎಳೆಯಲಿಲ್ಲ, ನೀವು ಎಳೆದಿರಿ ಎಂದು ಅವರು ಬರೆದಿದ್ದರು.

ಈ ಎರಡು ಪತ್ರಗಳಿಗೂ ಸಮಾಧಾನಕರವಾದ ಉತ್ತರ ನಮ್ಮಲ್ಲಿರಲಿಲ್ಲ. ಪ್ರಸ್ತುತ ಲೇಖನ ಅಲ್ಲಿಂದ ಹುಟ್ಟಿದ್ದು.

ಗುರುತು ಹತ್ತಿದ್ದಾದರೂ ಹೇಗೆ? ಮೊದಲಕ್ಷರದಿಂದಲ್ಲ. ನಮ್ಮ ಕಡೆಯ ಹಳೆಯ ಪತ್ರಗಳಲ್ಲಿ ಹೆಸರೆಂಬುದು ಒಂದು ಪದವಲ್ಲ, ಅದೊಂದು ಸಂಬಂಧಗಳ ಸರಪಳಿ. ತಂದೆಯ ಹೆಸರು, ಮನೆತನದ ಹೆಸರು, ವಾಸ್ತವ್ಯ, ಬರೆಯುವವನಿಗೂ ಬರೆಸಿಕೊಳ್ಳುವವನಿಗೂ ಇರುವ ನಂಟು ಇವೆಲ್ಲ ಸೇರಿ ಒಬ್ಬ ವ್ಯಕ್ತಿಯನ್ನು ಹೆಸರಿಸುತ್ತವೆ. ಅದಕ್ಕಿಂತ ಮಿಗಿಲಾಗಿ, ಹೆಣ್ಣಿನ ಹೆಸರಿನ ಹಿಂದೆ ಬರುವ ಸಂಕ್ಷೇಪಗಳಿವೆ. ಮೊದಲ ಪತ್ರದಲ್ಲಿ ಅವಳು 'ಚಿ. ಸೌ.' ಆಗಿದ್ದಾಳೆ. ಎರಡನೆಯದರಲ್ಲಿ 'ಗಂ. ಭಾ.', ಎಂದರೆ ಗಂಗಾಭಾಗೀರಥಿ. ಮರಾಠಿಯಲ್ಲಿಯೂ ಅದರ ನೆರೆಯ ಕನ್ನಡದಲ್ಲಿಯೂ ವಿಧವೆಯ ಹೆಸರಿಗೆ ಸೇರಿಸುತ್ತಿದ್ದ ಮಾತು. ಮೂರನೆಯದರಲ್ಲಿ ಹೆಸರಿನ ಹಿಂದೆ ಏನೂ ಇಲ್ಲ, ಬರೀ ಹೆಸರು. ಮೂರು ಪತ್ರಗಳನ್ನು ಸಾಲಾಗಿಟ್ಟು ಓದಿದವರಿಗೆ ಹೆಸರೇ ಬೇಡ, ಒಂದು ಬಾಳಿನ ಕಥೆಯೆಲ್ಲ ಆ ನಾಲ್ಕು ಅಕ್ಷರಗಳಲ್ಲಿದೆ. ನಾವು ಹೆಸರನ್ನು ತೆಗೆದು ಅವುಗಳನ್ನು ಉಳಿಸಿದೆವು. ಮನೆಯ ನಾಮಫಲಕವನ್ನು ಕಿತ್ತು ಬಾಗಿಲನ್ನು ತೆರೆದಿಟ್ಟಂತಾಯಿತು.

ಇಲ್ಲಿ ತೀರ್ಥೋಪಾಧ್ಯಾಯರ ವಹಿಗಳ ವ್ಯವಸ್ಥೆಯನ್ನು ತುಸು ವಿವರಿಸುವುದು ಅಗತ್ಯ. ನಾಸಿಕದ ಪಂಚವಟಿ, ತ್ರ್ಯಂಬಕೇಶ್ವರಗಳಲ್ಲಿ ತಲೆಮಾರುಗಳಿಂದ ಈ ವಹಿಗಳನ್ನು ಇಟ್ಟುಕೊಂಡು ಬರಲಾಗಿದೆ. ಯಾತ್ರಿಕನು ಬಂದಾಗ ತನ್ನ ಹೆಸರು, ತಂದೆ ತಾತಂದಿರ ಹೆಸರು, ಜೊತೆಗೆ ಬಂದವರು, ಬಂದ ಕಾರಣ ಇವನ್ನು ತಾನೇ ಬರೆದು ರುಜು ಹಾಕುತ್ತಾನೆ. ಬರೆಯಲು ಬಾರದವನ ಪರವಾಗಿ ಉಪಾಧ್ಯಾಯರು ಬರೆಯುತ್ತಾರೆ. ಬೆಳಗಾವಿ, ವಿಜಯಪುರ, ಧಾರವಾಡ ಪ್ರಾಂತಗಳು 1956ರವರೆಗೂ ಮುಂಬಯಿ ಆಡಳಿತಕ್ಕೆ ಸೇರಿದ್ದವಾದ್ದರಿಂದ ಅಲ್ಲಿಯವರಿಗೆ ನಾಸಿಕ ಪರನಾಡಾಗಿರಲಿಲ್ಲ. ಗಮನಿಸಬೇಕಾದದ್ದು ವಹಿಯನ್ನು ತೆರೆಯುವ ಕ್ರಮ. ಬಂದವನನ್ನು ಉಪಾಧ್ಯಾಯರು ಮೊದಲು ಊರು ಕೇಳುತ್ತಾರೆ, ಜಾತಿ ಕೇಳುತ್ತಾರೆ, ಮನೆತನದ ಹೆಸರು ಕೇಳುತ್ತಾರೆ. ಆಮೇಲೆ ಅವನ ಪುಟವನ್ನು ತೆರೆದು ಅವನದನ್ನು ಮಾತ್ರ ಓದುತ್ತಾರೆ. ಪಕ್ಕದ ಪುಟ ಅವನ ಕಣ್ಣೆದುರೇ ಇದ್ದರೂ ಅದು ಅವನಿಗಲ್ಲ. ಆಸ್ತಿ ವ್ಯಾಜ್ಯಗಳಲ್ಲಿ ಇಂಥ ವಹಿಗಳು ನ್ಯಾಯಾಲಯಗಳಲ್ಲಿ ಸಾಕ್ಷ್ಯವಾಗಿ ಹಾಜರಾಗಿರುವುದುಂಟು. ಅಲ್ಲಿಯೂ ಸಂಬಂಧಪಟ್ಟ ಪುಟಕ್ಕೇ ಬೆಲೆ. ಇದನ್ನು ಆದರ್ಶ ವ್ಯವಸ್ಥೆಯೆಂದು ನಾವು ಹೊಗಳುತ್ತಿಲ್ಲ. ಜಾತಿಯನ್ನು ಕೇಳಿ ತೆರೆಯುವ ಪುಸ್ತಕ ಯಾರಿಗೆ ಮುಚ್ಚಿರುತ್ತದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಇಲ್ಲಿ ಹೆಸರನ್ನು ಕಾಯುತ್ತಿರುವುದು ಅಳಿಸುವಿಕೆಯಲ್ಲ. ಕೇಳುವವನಿಗೂ ಹೆಸರಿಗೂ ಇರುವ ಸಂಬಂಧವೇ ಬೀಗದ ಕೈ.

ಸರಕಾರಿ ಪತ್ರಾಗಾರದ ಬೀಗ ಬೇರೆ ಬಗೆಯದು, ಅದು ಕಾಲದ ಬೀಗ. 1993ರ ಸಾರ್ವಜನಿಕ ದಾಖಲೆಗಳ ಅಧಿನಿಯಮದ ಪ್ರಕಾರ ರಾಷ್ಟ್ರೀಯ ಪತ್ರಾಗಾರಕ್ಕೆ ವರ್ಗಾವಣೆಯಾದ, ಗೋಪ್ಯವೆಂದು ವರ್ಗೀಕರಿಸದ, 30 ವರ್ಷಕ್ಕೂ ಹಳೆಯ ದಾಖಲೆಗಳು ಸಂಶೋಧಕರಿಗೆ ತೆರೆದಿರುತ್ತವೆ. ಕರ್ನಾಟಕವು 2010ರಲ್ಲಿ ತನ್ನದೇ ಅಧಿನಿಯಮವನ್ನು ಮಾಡಿಕೊಂಡಿತು. ಸಂಶೋಧಕರಾದ ನಮಗೆ ಇದು ವರ. ಆದರೆ ಇದರ ಹಿಂದಿರುವ ಗ್ರಹಿಕೆಯನ್ನು ಪರೀಕ್ಷಿಸಬೇಕು: ಕಾಲ ಕಳೆದಂತೆ ಹೆಸರು ತಣ್ಣಗಾಗುತ್ತದೆ ಎಂಬ ಗ್ರಹಿಕೆ ಅದು. ವ್ಯಕ್ತಿಯ ಹೆಸರು ತಣ್ಣಗಾದೀತು, ಮನೆತನದ ಹೆಸರು ಆಗುವುದಿಲ್ಲ. ಮುತ್ತಜ್ಜನ ಹೆಸರನ್ನು ಮರಿಮಗನಿಗಿಡುವ ನಾಡಿನಲ್ಲಿ ನೂರು ವರ್ಷದ ಹಿಂದಿನ ಪತ್ರದಲ್ಲಿರುವ ಹೆಸರು ಇಂದಿನ ಮತದಾರರ ಪಟ್ಟಿಯಲ್ಲಿಯೂ ಇರಬಹುದು, ಅದೇ ಊರಿನಲ್ಲಿ, ಅದೇ ಓಣಿಯಲ್ಲಿ.

ಕಾನೂನು ಈಚೆಗೆ ಇನ್ನೂ ಒಂದು ಹೆಜ್ಜೆ ಮುಂದೆ ಬಂದಿದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸಾರಿತು. ಆ ವ್ಯಾಜ್ಯವನ್ನು ಹೂಡಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ವ್ಯಕ್ತಿಯ ಮರಣದೊಂದಿಗೆ ಈ ಹಕ್ಕು ಮುಗಿಯುತ್ತದೆಂಬ ನಿಲುವನ್ನು ಕೆಲವು ಉಚ್ಚ ನ್ಯಾಯಾಲಯಗಳು ತಾಳಿವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ ಸಂಶೋಧನೆಗೂ ದಾಖಲೆ ಸಂರಕ್ಷಣೆಗೂ ಷರತ್ತಿನ ವಿನಾಯಿತಿ ನೀಡಿದೆ. ಈ ಅಧಿನಿಯಮ ಡಿಜಿಟಲ್ ರೂಪದಲ್ಲಿರುವ, ಅಥವಾ ಆಮೇಲೆ ಆ ರೂಪಕ್ಕೆ ತಂದ ಮಾಹಿತಿಗೆ ಮಾತ್ರ ಅನ್ವಯಿಸುತ್ತದೆ. ನಾಸಿಕದ ವಹಿ ಕೆಂಪು ಬಟ್ಟೆಯಲ್ಲಿ ಸುತ್ತಿಕೊಂಡಿರುವವರೆಗೆ ಅದರ ಗಂಟು ಉಪಾಧ್ಯಾಯರ ಕೈಯಲ್ಲಿದೆ. ಛಾಯಾಪ್ರತಿಯಾಗಿ ಗಣಕಕ್ಕೆ ಏರಿದ ದಿನ, ಊರು ಕೇಳಿ ಪುಟ ತೆರೆಯುವ ಆ ಕ್ರಮವೇ ಮುರಿದುಬೀಳುತ್ತದೆ. ಯಾರು ಬೇಕಾದರೂ ಯಾರ ಹೆಸರನ್ನಾದರೂ ಹುಡುಕಬಹುದು. ಹರಿದ್ವಾರದ ವಹಿಗಳನ್ನು ಅಮೆರಿಕದ ಯೂಟಾ ವಂಶಾವಳಿ ಸಂಘ ಮೈಕ್ರೋಫಿಲ್ಮಿಗೆ ಇಳಿಸಿಕೊಂಡು ದಶಕಗಳೇ ಕಳೆದಿವೆ. ಆ ಕೆಲಸದ ಉಪಯೋಗವನ್ನು ನಾವು ಅಲ್ಲಗಳೆಯುವುದಿಲ್ಲ.

ಕನ್ನಡದ ಸಂಶೋಧಕರಿಗೆ ಕಾಲದ ಬೀಗದ ತೊಡಕು ತಟ್ಟುವುದು ನಾಸಿಕಕ್ಕಿಂತ ಹೆಚ್ಚಾಗಿ ಛತ್ರಪತಿ ಸಂಭಾಜಿನಗರದ ಕಡೆಯ ದಾಖಲೆಗಳಲ್ಲಿ. ಮರಾಠವಾಡವೂ ಬೀದರ, ಕಲಬುರಗಿ, ರಾಯಚೂರುಗಳೂ 1956ರ ನವೆಂಬರ್ 1ರವರೆಗೆ ಒಂದೇ ಹೈದರಾಬಾದ್ ರಾಜ್ಯದ ಭಾಗಗಳು. ಅಂದು ಔರಂಗಾಬಾದ್ ಒಂದು ಸುಭೆ, ಗುಲ್ಬರ್ಗಾ ಇನ್ನೊಂದು. ಒಂದೇ ಮನೆತನದ ಕಾಗದಪತ್ರ ಒಂದು ಕಡೆ ಉರ್ದುವಿನಲ್ಲಿ, ಇನ್ನೊಂದು ಕಡೆ ಮೋಡಿಯಲ್ಲಿ, ಮನೆಯ ಪೆಟ್ಟಿಗೆಯಲ್ಲಿ ಕನ್ನಡದಲ್ಲಿ ಉಳಿದಿರುವುದು ಈ ಸೀಮೆಯಲ್ಲಿ ಅಪರೂಪವಲ್ಲ. ಒಂದರಲ್ಲಿ ಮುಚ್ಚಿದ ಹೆಸರು ಇನ್ನೊಂದರಲ್ಲಿ ತೆರೆದೇ ಇರುತ್ತದೆ. ಊರಿನ ಹೆಸರುಗಳೂ ಸಂಪಾದಕನನ್ನು ಪರೀಕ್ಷಿಸುತ್ತವೆ. ಮಲಿಕ್ ಅಂಬರನ ಕಾಲದ ಖಡಕಿ ಅವನ ಮಗನಿಂದ ಫತೇನಗರವಾಯಿತು, 1653ರ ಸುಮಾರಿಗೆ ಔರಂಗಾಬಾದ್ ಆಯಿತು, 2023ರಿಂದ ಛತ್ರಪತಿ ಸಂಭಾಜಿನಗರ. ಮೊಗಲರ ಕಾಗದಗಳಲ್ಲಿ ನಾಸಿಕವು ಗುಲ್ಶನಾಬಾದ್. ಪತ್ರದೊಳಗಿನ ಊರನ್ನು ಇಂದಿನ ಹೆಸರಿಗೆ ತಿದ್ದುವ ಸಂಪಾದಕ ಪತ್ರದ ಕಾಲವನ್ನೇ ತಿದ್ದಿದಂತೆ. ಟಿಪ್ಪಣಿಯಲ್ಲಿ ಹೇಳಲಿ, ಪಾಠದೊಳಗೆ ಬೇಡ.

ಈ ಎರಡು ಬೀಗಗಳನ್ನು ಬಿಟ್ಟು ಮೂರನೆಯದೊಂದಿದೆ, ಅದು ಹೇಳಲು ಅಷ್ಟು ಹಿತವಾದದ್ದಲ್ಲ: ಕೇಳುವ ಶಕ್ತಿಯಿದ್ದವರ ಹೆಸರನ್ನು ಮುಚ್ಚುವುದು, ಇಲ್ಲದವರದನ್ನು ತೆರೆದಿಡುವುದು. ಗಣೇಶ ಚಿಮಣಾಜಿ ವಾಡ ಅವರು ಪೇಶ್ವೆ ದಿನಚರಿಗಳಿಂದ ಆಯ್ದ ಸಂಪುಟಗಳನ್ನಾಗಲಿ, ಗೋ. ಸ. ಸರದೇಸಾಯಿಯವರು 1930ರಿಂದ 1934ರವರೆಗೆ ಹೊರತಂದ ಪೇಶ್ವೆ ದಫ್ತರದ 45 ಸಂಪುಟಗಳನ್ನಾಗಲಿ ಬಳಸಿದವರಿಗೆ ಈ ದಾಖಲೆಗಳ ಲೋಕ ಪರಿಚಿತ. 'ಕುಣಬೀಣ', 'ಬಟೀಕ' ಎಂದು ಕರೆಯಲ್ಪಟ್ಟ ದಾಸಿಯರ ಕೊಳ್ಳುವಿಕೆ, ದಾನ, ಬಿಡುಗಡೆ, 'ಬದಕರ್ಮ'ದ ಆರೋಪ ಹೊತ್ತ ಹೆಂಗಸರಿಗಾದ ದಂಡ ಇವೆಲ್ಲ ಪೇಶ್ವೆ ಕಾಲದ ದಾಖಲೆಗಳ ನಿತ್ಯವಿಷಯ. ಈ ಹೆಂಗಸರ ಹೆಸರನ್ನು ಮುಚ್ಚಬೇಕೆಂದು ಯಾವ ಸಂಪಾದಕನಿಗೂ ಯಾರೂ ಬಂದು ಹೇಳಿರಲಾರರು, ಹೇಳಲು ಅವರ ಕಡೆಯವರೆಂಬವರು ಯಾರಿದ್ದರು? ಅತ್ತ ತಮ್ಮ ಮನೆಯ ದಫ್ತರವನ್ನು ಸಂಶೋಧಕನಿಗೆ ಒಪ್ಪಿಸುವ ಇನಾಂದಾರರು ಮೊದಲೇ ಒಂದೆರಡು ರುಮಾಲುಗಳನ್ನು ಬೇರೆ ತೆಗೆದಿಡುವುದನ್ನು ನಾವೇ ಕಂಡಿದ್ದೇವೆ. ನಾಸಿಕದ ಬಳಿಯ ಆನಂದವಲ್ಲಿಯಲ್ಲಿ ನೆಲೆಸಿದ್ದ ಆನಂದೀಬಾಯಿಯ ಪಾಡೇ ಬೇರೆ. 1773ರಲ್ಲಿ ನಾರಾಯಣರಾವ್ ಪೇಶ್ವೆಯ ಕೊಲೆಯಾದಾಗ, ಹಿಡಿಯಿರಿ ಎಂಬ ಆಜ್ಞೆಯ ಒಂದಕ್ಷರವನ್ನು ತಿದ್ದಿ ಕೊಲ್ಲಿರಿ ಎಂದು ಮಾಡಿದಳೆಂಬ ಕಥೆ ಅವಳ ಹೆಸರಿಗೆ ಅಂಟಿಕೊಂಡು ಇಂದಿಗೂ ಬಿಟ್ಟಿಲ್ಲ. ಆದರೆ ಅವಳು ಅಧಿಕಾರದ ನಡುವೆ ಇದ್ದವಳು. ಅವಳ ಹೆಸರು ಚರ್ಚೆಗೆ ಸಲ್ಲುವುದು. ದಾಸಿಯದು ಹಾಗಲ್ಲ.

ಹಾಗಾದರೆ ದಾಸಿಯ ಹೆಸರನ್ನು ಮುಚ್ಚೋಣವೆ? ನಮ್ಮ ಉತ್ತರ ಅಲ್ಲ ಎಂಬುದೇ. ದೂರದ ಕಾಲದ ಆ ಹೆಂಗಸಿಗೆ ಉಳಿದಿರುವುದು ಆ ಹೆಸರೊಂದೇ. ಬೆಲೆಯ ಪಕ್ಕದಲ್ಲಿ ಬರೆದದ್ದಾದರೂ ಅದು ಅವಳದು. ವಚನಗಳನ್ನು ಓದಿದವರಿಗೆ ಈ ತೊಡಕು ಹೊಸದಲ್ಲ. ಸೂಳೆ ಸಂಕವ್ವೆ ತನ್ನ ಅಂಕಿತವಾಗಿ ಆರಿಸಿಕೊಂಡದ್ದು ನಿರ್ಲಜ್ಜೇಶ್ವರ ಎಂಬುದನ್ನು. ಅವಳದಾಗಿ ಉಳಿದಿರುವುದು ಒಂದೇ ವಚನ. ಹೆಸರಿನ ಮುಂದಿನ ಆ ಪದವನ್ನು ಬಿಟ್ಟು ಸಂಕವ್ವೆ ಎಂದಷ್ಟೇ ಹೇಳುವ ಉಪನ್ಯಾಸಕರನ್ನು ಕೇಳಿದ್ದೇವೆ. ಅವರು ಕಾಪಾಡುತ್ತಿರುವುದು ತಮ್ಮ ಲಜ್ಜೆಯನ್ನು, ಅವಳನ್ನಲ್ಲ. ಇನ್ನು ಹಾದರ ಕಾಯಕದ ಮಾರಯ್ಯಗಳ ಪುಣ್ಯಸ್ತ್ರೀ ಗಂಗಮ್ಮನಂಥ ಹೆಸರಿನಲ್ಲಿ ಗಂಡ, ಕಾಯಕ, ನಂಟು ಎಲ್ಲ ಒಟ್ಟಿಗೇ ಇವೆ. ಯಾವುದನ್ನು ತೆಗೆದರೂ ಚರಿತ್ರೆ ಕುಂಟುತ್ತದೆ.

ನಾಸಿಕದಲ್ಲಿಯೇ ಇದಕ್ಕೆ ಇನ್ನೂ ಹತ್ತಿರದ ನಿದರ್ಶನವಿದೆ. 1930ರ ಮಾರ್ಚ್ 2ರಂದು ಕಾಳಾರಾಮ ಮಂದಿರ ಪ್ರವೇಶದ ಸತ್ಯಾಗ್ರಹ ಆರಂಭವಾಯಿತು. ಅದರ ಸ್ಥಳೀಯ ಭಾರವನ್ನು ಹೊತ್ತವರಲ್ಲಿ ಪ್ರಮುಖರಾದ ದಾದಾಸಾಹೇಬ ಭಾವುರಾವ್ ಗಾಯಕವಾಡರಿಗೆ ಡಾ. ಅಂಬೇಡ್ಕರರು ಬರೆದ ಪತ್ರಗಳು ಉಳಿದು ಮುದ್ರಣಗೊಂಡಿವೆ. ಇಂಥ ಚಳವಳಿಯ ಕಾಗದಗಳಲ್ಲಿ ಬರುವ ಸಾಮಾನ್ಯ ಕಾರ್ಯಕರ್ತನ ಹೆಸರನ್ನು ರಕ್ಷಣೆಯ ನೆಪದಲ್ಲಿ ಚುಕ್ಕೆಗೆ ಇಳಿಸಿದರೆ, ದೇವಾಲಯದ ಬಾಗಿಲಲ್ಲಿ ತಡೆಯಲ್ಪಟ್ಟವನನ್ನು ಚರಿತ್ರೆಯ ಬಾಗಿಲಲ್ಲಿಯೂ ತಡೆದಂತೆ ಆಗುತ್ತದೆ. ಅವನ ಮೊಮ್ಮಕ್ಕಳು ಆ ಹೆಸರನ್ನು ಹುಡುಕಿಕೊಂಡು ಬರುವವರೇ ಹೊರತು ಮುಚ್ಚಿರೆಂದು ಬೇಡುವವರಲ್ಲ.

ಅದೇ ಊರಿನ ಇನ್ನೊಂದು ಘಟನೆಯಲ್ಲಿ ನಮ್ಮ ಮನಸ್ಸು ಅಷ್ಟು ನಿಶ್ಚಿತವಾಗಿಲ್ಲ. 1909ರ ಡಿಸೆಂಬರ್ 21ರಂದು ನಾಸಿಕದ ವಿಜಯಾನಂದ ನಾಟ್ಯಗೃಹದಲ್ಲಿ ಕಲೆಕ್ಟರ್ ಜಾಕ್ಸನ್‌ನನ್ನು ಕೊಂದ ಅನಂತ ಕಾನ್ಹೇರೆ ಔರಂಗಾಬಾದಿನಲ್ಲಿ ವಿದ್ಯಾರ್ಥಿಯಾಗಿದ್ದವನು. ಅವನನ್ನೂ ಕರ್ವೆ, ದೇಶಪಾಂಡೆಯರನ್ನೂ 1910ರ ಏಪ್ರಿಲ್ 19ರಂದು ಗಲ್ಲಿಗೇರಿಸಲಾಯಿತು. ಬೆನ್ನಿಗೇ ನಡೆದ ನಾಸಿಕ ಒಳಸಂಚಿನ ಮೊಕದ್ದಮೆಯಲ್ಲಿ ಮಾಫಿಸಾಕ್ಷಿಗಳಾದವರಿದ್ದರು. ಅವರ ಹೆಸರುಗಳು ತೀರ್ಪಿನಲ್ಲಿವೆ, ಅಚ್ಚಾಗಿವೆ. ನ್ಯಾಯಾಲಯದ ಕಡತವಾದದ್ದು ಸಾರ್ವಜನಿಕವೇ ಎಂದು 1994ರ ರಾಜಗೋಪಾಲ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವೂ ಹೇಳಿದೆ. ಅತ್ಯಾಚಾರ, ಅಪಹರಣಗಳಿಗೆ ಒಳಗಾದ ಹೆಂಗಸರ ಹೆಸರನ್ನು ಮಾತ್ರ ಅದು ಹೊರತುಪಡಿಸಿತು. ಆದ್ದರಿಂದ ಮಾಫಿಸಾಕ್ಷಿಯ ಹೆಸರನ್ನು ಮುಚ್ಚುವ ಪ್ರಶ್ನೆಯೇ ಏಳದು. ಆದರೆ ಅಂಥವನೊಬ್ಬ ಹೆಂಡತಿಗೆ ಬರೆದ ಕಾಗದ ನಾಳೆ ಯಾವುದೋ ಪೆಟ್ಟಿಗೆಯಲ್ಲಿ ಸಿಕ್ಕಿದರೆ? ತೀರ್ಪಿನಲ್ಲಿ ಅವನಾಡಿದ ಮಾತು ಊರಿಗೆ ಸೇರಿದ್ದು, ಹೆಂಡತಿಗೆ ಬರೆದದ್ದು ಹಾಗಲ್ಲ. ಆ ಎರಡನೆಯದರಲ್ಲಿ ಹೆಂಡತಿಯ ಹೆಸರನ್ನೂ ಮಕ್ಕಳ ಹೆಸರನ್ನೂ ನಾವಾದರೆ ಅಚ್ಚು ಹಾಕಿಸಲಾರೆವು. ಗಂಡನ ಹೆಸರು ತಿಳಿದವರಿಗೆ ಹೆಂಡತಿ ಯಾರೆಂಬುದು ತಿಳಿಯದೆ ಉಳಿಯುವುದೂ ಇಲ್ಲ. ಇಲ್ಲಿ ಕಾಗದವನ್ನೇ ಕೆಲಕಾಲ ಮುಚ್ಚಿಡುವುದು ಹೆಸರನ್ನು ಮುಚ್ಚಿಡುವುದಕ್ಕಿಂತ ಪ್ರಾಮಾಣಿಕವಾದೀತು.

ಮುಚ್ಚಿಡುವುದರ ಅತ್ಯುತ್ತಮ ಪಾಠವನ್ನು ಕಲಿಸಿದವರು ಈ ಸೀಮೆಯ ಮಹಾನುಭಾವ ಪಂಥದವರು. ಛತ್ರಪತಿ ಸಂಭಾಜಿನಗರ ಜಿಲ್ಲೆಯ ಪೈಠಣದಲ್ಲಿ ಚಕ್ರಧರರು ಬಹುಕಾಲ ನೆಲೆಸಿದ್ದರು. ಕನ್ನಡ ನಾಡಿಗೂ ತೆಲುಗು ನಾಡಿಗೂ ಹೋಗಬೇಡಿರೆಂದು ಅವರು ಶಿಷ್ಯರಿಗೆ ವಿಧಿಸಿದ್ದರು. ನಾವು ಪೈಠಣಕ್ಕೆ ಹೋಗುವುದಕ್ಕೆ ಅದರಲ್ಲಿ ನಿಷೇಧವಿಲ್ಲ. ಅವರ ನಿಧನಾನಂತರ 1278ರ ಸುಮಾರಿಗೆ ಮ್ಹಾಯಿಂಭಟ್ಟನು ಕಂಡವರನ್ನು, ಕೇಳಿದವರನ್ನು ವಿಚಾರಿಸಿ ಸಂಕಲಿಸಿದ ಲೀಳಾಚರಿತ್ರದಲ್ಲಿ ಬಾಯಿಸಾ, ಮಹದಾಯಿಸಾ ಮೊದಲಾದ ಹೆಂಗಸರೂ ಸಾಮಾನ್ಯ ಜನರೂ ಹೆಸರುಹೆಸರಾಗಿ ಬರುತ್ತಾರೆ, ತಮ್ಮ ಮನೆಮಾತುಗಳೊಂದಿಗೆ. ಪಂಥದವರು ಈ ಹೆಸರುಗಳಲ್ಲಿ ಒಂದನ್ನೂ ಅಳಿಸಲಿಲ್ಲ. ಮುಂದಿನ ಶತಮಾನದಿಂದ ತಮ್ಮ ಗ್ರಂಥಗಳನ್ನು ಸಕಳ ಮೊದಲಾದ ಗೂಢಲಿಪಿಗಳಲ್ಲಿ ಬರೆದುಕೊಂಡರು. ಒಂದು ಅಕ್ಷರಕ್ಕೆ ಇನ್ನೊಂದನ್ನು ಬದಲಿಡುವ ಕ್ರಮ ಅದು. ಏಕೆ ಹೀಗೆ ಮಾಡಿದರೆಂಬುದರಲ್ಲಿ ಭಿನ್ನಾಭಿಪ್ರಾಯಗಳಿವೆ; ಫಲದ ಮಾತು ಮಾತ್ರ ಸ್ಪಷ್ಟ. ಪಾಠ ಪೂರ್ತಿಯಾಗಿ ಉಳಿಯಿತು, ಬೀಗದ ಕೈ ಮಠದಲ್ಲಿ ಉಳಿಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇತಿಹಾಸಾಚಾರ್ಯ ವಿ. ಕಾ. ರಾಜವಾಡೆಯವರು ಆ ಲಿಪಿಯನ್ನು ಬಿಡಿಸಿದಾಗ ಒಳಗೆ ಎಲ್ಲವೂ ಇತ್ತು. ಅವರೆದುರು ಚುಕ್ಕೆಗಳಿದ್ದಿದ್ದರೆ ಯಾವ ಆಚಾರ್ಯನೂ ಏನನ್ನೂ ಬಿಡಿಸಲಾಗುತ್ತಿರಲಿಲ್ಲ. ಬಿಡಿಸಿದ ಮೇಲೆ ಪಂಥಕ್ಕೆ ನೋವಾಗಲಿಲ್ಲವೆಂದಲ್ಲ. ವಿ. ಭಿ. ಕೋಲತೆಯವರು 1978ರಲ್ಲಿ ಸಂಪಾದಿಸಿ ಪ್ರಕಟಿಸಿದ ಲೀಳಾಚರಿತ್ರದ ಆವೃತ್ತಿ ಪಂಥದವರ ತೀವ್ರ ಆಕ್ಷೇಪಕ್ಕೆ ಗುರಿಯಾಯಿತು. ಏಳು ಶತಮಾನ ಕಳೆದರೂ ಹೆಸರು ತಣ್ಣಗಾಗುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಆಧಾರ ಬೇಕಿಲ್ಲ.

ಈ ವಿವೇಚನೆಯ ಬಳಿಕ ನಾವು ನಮ್ಮ ಕೆಲಸದಲ್ಲಿ ಮಾಡಿಕೊಂಡಿರುವ ಬದಲಾವಣೆ ಸ್ವಲ್ಪವೇ. ಚುಕ್ಕೆಗಳನ್ನು ಬಿಟ್ಟಿದ್ದೇವೆ. ಬದುಕಿರುವವರಿಗೆ ನೋವಾದೀತೆಂಬ ಕಡೆ ಹೆಸರಿಗೆ ಬದಲು ಇನ್ನೊಂದು ಹೆಸರನ್ನಿಟ್ಟು, ಇಟ್ಟಿದ್ದೇವೆಂಬುದನ್ನು ಅಲ್ಲಿಯೇ ತಿಳಿಸುತ್ತೇವೆ. ಸಂಕ್ಷೇಪಗಳನ್ನೂ ಬಂಧುವಾಚಕಗಳನ್ನೂ ಅದೇ ಕಣ್ಣಿನಿಂದ ನೋಡುತ್ತೇವೆ. ನಿಜವಾದ ಹೆಸರುಗಳ ಪಟ್ಟಿಯನ್ನು ಮೂಲದೊಂದಿಗೆ ಮುದ್ರೆ ಹಾಕಿದ ಲಕೋಟೆಯಲ್ಲಿಟ್ಟು, ಯಾವ ವರ್ಷದಲ್ಲಿ, ಯಾರ ಒಪ್ಪಿಗೆಯಿಂದ ತೆರೆಯಬಹುದೆಂಬುದನ್ನು ಮೇಲೆ ಬರೆಯುತ್ತೇವೆ. ಹೊರನಾಡಿನ ಸಂಗ್ರಹಗಳಲ್ಲಿ ಕನ್ನಡ ಪತ್ರಗಳನ್ನು ಕಂಡವರು ಈ ಕ್ರಮದ ಲೋಪಗಳನ್ನು ನಮಗೆ ತಿಳಿಸಿದರೆ ಉಪಕಾರವಾದೀತು. ಒಂದು ಲೋಪ ನಮಗೇ ಗೊತ್ತಿದೆ. ಒಪ್ಪಿಗೆ ಯಾರದೆಂಬ ಕಡೆ ಅದು ನಿಲ್ಲುತ್ತದೆ.

ಆ ಮೂರು ಪತ್ರಗಳ ಮರುಮುದ್ರಣ ಇದೇ ಕಾರಣಕ್ಕೆ ತಡೆದಿದೆ. ಹಿರಿಯ ಶಾಖೆಯವರು ಪತ್ರಗಳನ್ನು ಪೂರ್ತಿ ಕೈಬಿಡಿ ಎನ್ನುತ್ತಾರೆ. ಮೊಮ್ಮಗ ಅಜ್ಜಿಯ ಹೆಸರು ಪೂರ್ತಿ ಬರಲಿ ಎನ್ನುತ್ತಾರೆ. ಕಳೆದ ಸಲ ನಾಸಿಕಕ್ಕೆ ಹೋದಾಗ ಈ ಸಂಗತಿಯನ್ನು ಈಗಿನ ಉಪಾಧ್ಯಾಯರಿಗೆ ಹೇಳಿದೆವು. ಅವರು ವಹಿಯ ಗಂಟನ್ನು ಬಿಚ್ಚಲಿಲ್ಲ. ಆ ಮೊಮ್ಮಗ ಇಲ್ಲಿಗೆ ಬಂದು ತನ್ನ ಊರು, ಮನೆತನ ಹೇಳಲಿ, ನಾನು ಓದಿ ಹೇಳುತ್ತೇನೆ ಎಂದರು. ಯಾವ ಮನೆತನವನ್ನು ಹೇಳಬೇಕು, ತಾಯಿಯ ತಾಯಿಯದೋ ತನ್ನದೋ ಎಂದು ನಾವು ಕೇಳಿದೆವು. ಅವರು ಸ್ವಲ್ಪ ಹೊತ್ತು 生 ಯೋಚಿಸಿ, ಎರಡನ್ನೂ ಹೇಳಲಿ ಎಂದರು.